ಆಸ್ಟ್ರೇಲಿಯಾ ಸುತ್ತುವುದು ಹೇಗೆ: ಮೊದಲು ತಿಂಗಳು, ಆಮೇಲೆ ಊರು

ಆಸ್ಟ್ರೇಲಿಯಾ ನೋಡಬೇಕು ಅಂದುಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಪಟ್ಟಿ ಇರುತ್ತದೆ. ಸಿಡ್ನಿಯ ಒಪೆರಾ ಹೌಸ್, ಮೆಲ್ಬರ್ನ್, ಹವಳದ ಗ್ರೇಟ್ ಬ್ಯಾರಿಯರ್ ರೀಫ್, ನಟ್ಟನಡುವಿನ ಕೆಂಪು ಬಂಡೆ ಉಲುರು, ಸಾಧ್ಯವಾದರೆ ಪರ್ತ್. ಇಷ್ಟೂ ಹತ್ತು ದಿನದಲ್ಲಿ ಮುಗಿಯಬೇಕು. ನಕ್ಷೆ ನೋಡಿದರೆ ಆಗುತ್ತದೆ ಅನ್ನಿಸುವುದು ಸಹಜ. ಆದರೆ ಈ ದೇಶದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರ್. ಭಾರತದ ಎರಡು ಪಟ್ಟಿಗಿಂತ ಜಾಸ್ತಿ. ಸಿಡ್ನಿಯಿಂದ ಪರ್ತ್‌ಗೆ ವಿಮಾನದಲ್ಲೇ ಹೆಚ್ಚುಕಡಿಮೆ ಐದು ಗಂಟೆ ಬೇಕು. ರಸ್ತೆಯಲ್ಲಾದರೆ ನಾಲ್ಕು ಸಾವಿರ ಕಿಲೋಮೀಟರ್ ಹತ್ತಿರ. ಹತ್ತು ದಿನದ ಆ ಪಟ್ಟಿ ಹಿಡಿದು ಹೊರಟರೆ ನೀವು ಚೆನ್ನಾಗಿ ನೋಡುವುದು ವಿಮಾನ ನಿಲ್ದಾಣಗಳನ್ನು ಮಾತ್ರ.

ಆದ್ದರಿಂದ ಊರುಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾವ ತಿಂಗಳು ರಜೆ ಸಿಗುತ್ತದೆ ಅನ್ನುವುದರಿಂದ ಶುರು ಮಾಡೋಣ.

1. ತಿಂಗಳು ನೋಡಿ ದಿಕ್ಕು ಆರಿಸಿ

ಅಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಉತ್ತರ ಭಾಗಕ್ಕೆ ನಾಲ್ಕು ಋತುಗಳ ಈ ಲೆಕ್ಕ ಹೊಂದುವುದಿಲ್ಲ. ಡಾರ್ವಿನ್, ಕಕಡು, ಕಿಂಬರ್ಲಿ ಕಡೆ ಇರುವುದು ಎರಡೇ ಕಾಲ. ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮೇಯಿಂದ ಅಕ್ಟೋಬರ್‌ವರೆಗೆ ಒಣ ಹವೆ. ಮಳೆಗಾಲದಲ್ಲಿ ಹೊಳೆಗಳು ರಸ್ತೆ ದಾಟಿ ಹರಿಯುತ್ತವೆ, ಕಚ್ಚಾ ದಾರಿಗಳನ್ನು ಮುಚ್ಚಿಬಿಡುತ್ತಾರೆ, ಚಂಡಮಾರುತದ ಭಯವೂ ಇರುತ್ತದೆ. ಕಿಂಬರ್ಲಿಯ ಸುಮಾರು 660 ಕಿಲೋಮೀಟರ್ ಉದ್ದದ ಗಿಬ್ ರಿವರ್ ರಸ್ತೆಯ ಕನಸಿದ್ದರೆ ಒಣಗಾಲ ಬಿಟ್ಟು ಬೇರೆ ದಾರಿಯೇ ಇಲ್ಲ.

ದಕ್ಷಿಣದಲ್ಲಿ ಇದು ಉಲ್ಟಾ. ಟ್ಯಾಸ್ಮೇನಿಯಾ, ಮೆಲ್ಬರ್ನ್, ಅಡಿಲೇಡ್ ಸುತ್ತಲು ಡಿಸೆಂಬರ್‌ನಿಂದ ಮಾರ್ಚ್ ಚೆನ್ನ. ಜುಲೈನಲ್ಲಿ ಮೆಲ್ಬರ್ನ್‌ಗೆ ಹೋದರೆ ಬೂದು ಆಕಾಶ, ಜಿಟಿಜಿಟಿ ಮಳೆ, ಸಂಜೆ ಐದೂಕಾಲಿಗೆಲ್ಲ ಕತ್ತಲು. ಹಿಮ ನೋಡುವ ಆಸೆ ಇದ್ದವರಿಗೆ ಮಾತ್ರ ಅದೇ ಸರಿಯಾದ ಕಾಲ. 2,228 ಮೀಟರ್ ಎತ್ತರದ ಕೊಸಿಯಸ್ಕೊ ಶಿಖರದ ಸುತ್ತಮುತ್ತ ಆಗ ಹಿಮದ ಮೇಲೆ ಜಾರುವ ಆಟ ನಡೆಯುತ್ತಿರುತ್ತದೆ.

ನಡುನಾಡಿನ ಮರುಭೂಮಿಗೆ ಮೇಯಿಂದ ಸೆಪ್ಟೆಂಬರ್ ಒಳ್ಳೆಯದು. ಬೇಸಿಗೆಯಲ್ಲಿ ಉಲುರು ಹತ್ತಿರ 40 ಡಿಗ್ರಿ ದಾಟುವುದು ಮಾಮೂಲಿ. ಚಳಿಗಾಲದ ಹಗಲು ಹಿತವಾಗಿರುತ್ತದೆ. ಆದರೆ ಮರುಭೂಮಿ ಅಲ್ವಾ ಅಂತ ಬರೀ ಟೀ ಶರ್ಟ್ ಒಯ್ಯಬೇಡಿ. ಜುಲೈ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ.

ಇಡೀ ದೇಶಕ್ಕೆ ಒಂದೇ ಉತ್ತರ ಬೇಕು ಅಂದರೆ ನಾನು ಸೆಪ್ಟೆಂಬರ್ ಹೇಳುತ್ತೇನೆ. ಉತ್ತರದಲ್ಲಿ ಒಣಗಾಲ ಇನ್ನೂ ಮುಗಿದಿರುವುದಿಲ್ಲ, ದಕ್ಷಿಣದಲ್ಲಿ ವಸಂತ ಬಂದಿರುತ್ತದೆ, ಪಶ್ಚಿಮದಲ್ಲಿ ಕಾಡುಹೂಗಳು ಅರಳಿರುತ್ತವೆ. ಡಿಸೆಂಬರ್ ಕೊನೆ ಮತ್ತು ಜನವರಿ ಅಲ್ಲಿನವರದೇ ರಜೆಯ ಕಾಲ. ಆಗ ಹೋಗುವುದಾದರೆ ಕೋಣೆ, ಕಾರು ಎರಡನ್ನೂ ತಿಂಗಳುಗಳ ಮೊದಲೇ ಹಿಡಿದಿಡಿ.

2. ಎರಡು ಮೂಲೆ ಆರಿಸಿ, ಉಳಿದದ್ದು ಬಿಡಿ

ಎರಡು ವಾರಕ್ಕೆ ಎರಡು ಮೂಲೆ, ಹೆಚ್ಚೆಂದರೆ ಮೂರು. ಇದಕ್ಕಿಂತ ಜಾಸ್ತಿ ತುರುಕಿದರೆ ಯಾವುದೂ ದಕ್ಕುವುದಿಲ್ಲ. ಯಾವ ಮೂಲೆಯಲ್ಲಿ ಏನಿದೆ ನೋಡಿ.

ಸಿಡ್ನಿ ಕಡೆ: ನಗರಕ್ಕೆ ಮೂರು ದಿನ ಸಾಕು. ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಹೋಗುವ ಸರ್ಕಾರಿ ಫೆರ್ರಿ ಹತ್ತಿ. ಸಾಮಾನ್ಯ ಟಿಕೆಟ್ ದರದಲ್ಲೇ ಒಪೆರಾ ಹೌಸ್, ಹಾರ್ಬರ್ ಸೇತುವೆ ಎರಡೂ ನೀರಿನ ಮೇಲಿಂದ ಕಾಣುತ್ತವೆ. ದುಬಾರಿ ಕ್ರೂಸ್ ಬೇಕಾಗಿಲ್ಲ. ಬ್ಲೂ ಮೌಂಟನ್ಸ್‌ಗೆ ಕಾರೂ ಬೇಡ. ಸೆಂಟ್ರಲ್ ನಿಲ್ದಾಣದಿಂದ ಕಟೂಂಬಕ್ಕೆ ರೈಲಿನಲ್ಲಿ ಸುಮಾರು ಎರಡು ಗಂಟೆ.

ಮೆಲ್ಬರ್ನ್ ಮತ್ತು ಗ್ರೇಟ್ ಓಷನ್ ರೋಡ್: ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗಿನ ಈ 243 ಕಿಲೋಮೀಟರ್ ಕಡಲದಾರಿಯನ್ನು ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1919ರಿಂದ 1932ರವರೆಗೆ ಕಡಿದು ಮಾಡಿದರು. ಯುದ್ಧದಲ್ಲಿ ಸತ್ತ ಗೆಳೆಯರ ನೆನಪಿಗೆ ಕಟ್ಟಿದ ರಸ್ತೆ ಇದು. ಪೂರ್ವದಿಂದ ಪಶ್ಚಿಮಕ್ಕೆ ಓಡಿಸಿ. ಅಲ್ಲಿಯೂ ಎಡಗಡೆಯೇ ಓಡಿಸುವುದರಿಂದ ಸಮುದ್ರ ನಿಮ್ಮ ಪಕ್ಕದಲ್ಲೇ ಇರುತ್ತದೆ, ನಿಲ್ಲಿಸುವುದೂ ಸುಲಭ. ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳನ್ನು ಹನ್ನೆರಡು ಅಂತ ಎಣಿಸಲು ಹೋಗಬೇಡಿ. ಅಲೆ ಹೊಡೆತಕ್ಕೆ 2005ರಲ್ಲೂ ಒಂದು ಕುಸಿದುಬಿತ್ತು. ಇದನ್ನು ಒಂದೇ ದಿನದ ಬಸ್ ಪ್ರವಾಸದಲ್ಲಿ ಮುಗಿಸುವವರು ಬಹಳ ಜನ. ಹಾಗೆ ಮಾಡಿದರೆ ಮಧ್ಯಾಹ್ನದ ಗುಂಪಿನಲ್ಲೇ ನಿಂತು ನೋಡಬೇಕಾಗುತ್ತದೆ. ಅಪೋಲೊ ಬೇ ಅಥವಾ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಒಂದು ರಾತ್ರಿ ಉಳಿದು, ಬೆಳಗಿನ ಜಾವ ಹೋಗಿ ನೋಡಿ.

ಟ್ಯಾಸ್ಮೇನಿಯಾ: ಕಾಡು, ಸರೋವರ, ಕ್ರೇಡಲ್ ಮೌಂಟನ್, ಅರ್ಧಚಂದ್ರದಂತಿರುವ ವೈನ್‌ಗ್ಲಾಸ್ ಬೇ. ಹೋಬಾರ್ಟ್‌ಗೆ ವಿಮಾನ ಇದೆ. ಕಾರು ಸಮೇತ ಹೋಗುವವರು ಜಿಲಾಂಗ್‌ನಿಂದ ಡೆವನ್‌ಪೋರ್ಟ್‌ಗೆ ಹಡಗು ಹಿಡಿಯಬೇಕು. ಹಳೆಯ ಬರಹಗಳಲ್ಲಿ ಹಡಗು ಮೆಲ್ಬರ್ನ್‌ನಿಂದ ಹೊರಡುತ್ತದೆ ಅಂತ ಇರುತ್ತದೆ. 2022ರ ಅಕ್ಟೋಬರ್‌ನಿಂದ ಅದು ಜಿಲಾಂಗ್‌ಗೆ ಹೋಗಿದೆ. ದ್ವೀಪ ಚಿಕ್ಕದು ಅಂದುಕೊಳ್ಳಬೇಡಿ, ರಸ್ತೆಗಳು ಸುತ್ತಿ ಬಳಸಿ ಹೋಗುತ್ತವೆ. ಐದು ದಿನಕ್ಕಿಂತ ಕಡಿಮೆ ಇದ್ದರೆ ಅದರ ಒಂದು ಭಾಗಕ್ಕೆ ತೃಪ್ತಿಪಡಿ.

ಕೇರ್ನ್ಸ್ ಕಡೆ: ಸುಮಾರು 2,300 ಕಿಲೋಮೀಟರ್ ಉದ್ದದ ಹವಳದ ಸಾಲು ಒಂದು ಕಡೆ, ಜಗತ್ತಿನ ತುಂಬ ಹಳೆಯ ಮಳೆಕಾಡುಗಳಲ್ಲಿ ಒಂದಾದ ಡೇನ್‌ಟ್ರೀ ಇನ್ನೊಂದು ಕಡೆ. ಹವಳ ನೋಡಲು ಈಜು ಬರಲೇಬೇಕು ಅಂತಿಲ್ಲ, ಗಾಜಿನ ತಳದ ದೋಣಿಗಳಿವೆ. ಹೊರ ಅಂಚಿನ ರೀಫ್‌ಗೆ ಹೋಗುವ ದೋಣಿಯನ್ನೇ ಆರಿಸಿ. ನೀರು ಅಲ್ಲಿ ತಿಳಿಯಾಗಿರುತ್ತದೆ.

ಉಲುರು: 348 ಮೀಟರ್ ಎತ್ತರದ ಒಂಟಿ ಬಂಡೆ. 2019ರ ಅಕ್ಟೋಬರ್ 26ರಿಂದ ಅದನ್ನು ಹತ್ತುವುದಕ್ಕೆ ಅವಕಾಶವಿಲ್ಲ. ಆ ನೆಲದ ಒಡೆಯರಾದ ಅನಂಗು ಜನರಿಗೆ ಅದು ಪವಿತ್ರ ಜಾಗ. ಹತ್ತದಿದ್ದರೆ ಏನು ಮಾಡುವುದು ಅಂತ ಕೇಳುವವರಿದ್ದಾರೆ. ಬುಡದ ಸುತ್ತ 10 ಕಿಲೋಮೀಟರ್ ಚಿಲ್ಲರೆ ನಡಿಗೆ ಇದೆ. ದೂರದಿಂದ ನುಣ್ಣಗೆ ಕಾಣುವ ಕಲ್ಲಿನಲ್ಲಿ ಎಷ್ಟು ಗವಿಗಳು, ನೀರಿನ ಗುಂಡಿಗಳು, ಗೋಡೆಚಿತ್ರಗಳು ಇವೆ ಅಂತ ತಿಳಿಯುವುದು ಆ ನಡಿಗೆಯಲ್ಲೇ. ಕೆಲವು ಭಾಗಗಳಲ್ಲಿ ಫೋಟೊ ತೆಗೆಯಬೇಡಿ ಅನ್ನುವ ಫಲಕ ಇರುತ್ತದೆ, ದಯವಿಟ್ಟು ಪಾಲಿಸಿ. ಹತ್ತಿರದ ಕಟ ಜುಟವನ್ನು ಬಿಡಲೇಬೇಡಿ. ಮೂವತ್ತಾರು ಗುಡ್ಡಗಳ ನಡುವಿನ ವ್ಯಾಲಿ ಆಫ್ ದ ವಿಂಡ್ಸ್ ದಾರಿ ನನಗೆ ಉಲುರುಗಿಂತ ಒಂದು ಕೈ ಮೇಲೆ ಅನ್ನಿಸುತ್ತದೆ. ಉಷ್ಣಾಂಶ 36 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ ಬೆಳಿಗ್ಗೆ 11ಕ್ಕೆ ಆ ದಾರಿಯ ಮುಂದಿನ ಭಾಗ ಮುಚ್ಚುತ್ತಾರೆ. ಇನ್ನೊಂದು ಮಾತು, ಆಲಿಸ್ ಸ್ಪ್ರಿಂಗ್ಸ್ ಉಲುರು ಪಕ್ಕದಲ್ಲಿಲ್ಲ. ಐದು ಗಂಟೆ ಕಾರು ಓಡಿಸಬೇಕು. ಉಲುರು ಮಾತ್ರ ಸಾಕು ಅನ್ನುವವರು ನೇರ ಏಯರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಳ್ಳಿ.

ಪಶ್ಚಿಮವನ್ನು ಬೇರೆಯದೇ ಪ್ರವಾಸ ಅಂದುಕೊಂಡರೆ ಒಳ್ಳೆಯದು. ಪರ್ತ್ ಹತ್ತಿರದ ರಾಟ್‌ನೆಸ್ಟ್ ದ್ವೀಪದಲ್ಲಿ ಕ್ವಾಕಾ ಎಂಬ ಪುಟ್ಟ ಪ್ರಾಣಿ ಕಾಲ ಬಳಿಯೇ ಓಡಾಡುತ್ತದೆ. ಖಾಸಗಿ ಕಾರು ಅಲ್ಲಿಲ್ಲ, ಸೈಕಲ್ ತುಳಿಯಬೇಕು. ಪರ್ತ್‌ನಿಂದ ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋದರೆ ನಿಂಗಲೂ ರೀಫ್. ಇಲ್ಲಿ ದೋಣಿ ಇಲ್ಲದೆ, ದಡದಿಂದಲೇ ನೀರಿಗಿಳಿದು ಹವಳ ನೋಡಬಹುದು. ಮಾರ್ಚ್‌ನಿಂದ ಜುಲೈವರೆಗೆ ತಿಮಿಂಗಿಲ ಶಾರ್ಕ್‌ಗಳ ಜೊತೆ ಈಜಿಸುವ ಪ್ರವಾಸಗಳೂ ಇವೆ. ಗ್ರೇಟ್ ಬ್ಯಾರಿಯರ್ ಹೆಸರಿಗೆ ಮರುಳಾಗಿ ಇದನ್ನು ಕೇಳುವವರೇ ಕಡಿಮೆ.

ಈಗ ಜೋಡಿಸಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಎರಡು ವಾರ ಇದ್ದರೆ ಸಿಡ್ನಿ, ಉಲುರು, ಕೇರ್ನ್ಸ್. ಡಿಸೆಂಬರ್‌ನಿಂದ ಮಾರ್ಚ್ ಆದರೆ ಸಿಡ್ನಿ, ಮೆಲ್ಬರ್ನ್, ಟ್ಯಾಸ್ಮೇನಿಯಾ. ಒಂದು ಊರಿಗೆ ಇಳಿದು ಇನ್ನೊಂದು ಊರಿಂದ ವಾಪಸ್ ಹೊರಡುವ ಟಿಕೆಟ್ ತೆಗೆದರೆ ಒಂದು ದಿನ ಉಳಿಯುತ್ತದೆ.

3. ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬೇಕಾದದ್ದು ಉಪವರ್ಗ 600ರ ವಿಸಿಟರ್ ವೀಸಾ. ಇಮ್ಮಿಅಕೌಂಟ್ ಎಂಬ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಬಹುದು, ಏಜೆಂಟರು ಕಡ್ಡಾಯವಲ್ಲ. ಬ್ಯಾಂಕ್ ವಿವರ, ಕೆಲಸದ ಪತ್ರ, ಊರಿಗೆ ಮರಳುವ ಕಾರಣ ತೋರಿಸುವ ದಾಖಲೆಗಳನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಹಾಕಿ. ವೀಸಾ ಕೈಗೆ ಬರುವ ಮೊದಲು ಹಣ ವಾಪಸ್ ಬರದ ಟಿಕೆಟ್ ಕೊಳ್ಳಬೇಡಿ. ಶುಲ್ಕ ಆಗಾಗ ಬದಲಾಗುತ್ತದೆ, ಅದೇ ತಾಣದಲ್ಲಿ ನೋಡಿಕೊಳ್ಳಿ.

4. ಊರಿಂದೂರಿಗೆ ಹೋಗುವುದು

ದೊಡ್ಡ ದೂರಕ್ಕೆ ವಿಮಾನ, ಮೂಲೆಯೊಳಗೆ ಕಾರು. ಹೆಚ್ಚಿನ ಪ್ರವಾಸಕ್ಕೆ ಇಷ್ಟೇ ಸೂತ್ರ ಸಾಕು. ಕಡಿಮೆ ದರದ ವಿಮಾನಗಳಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ, ತೂಕ ಮಾಡಿಯೇ ಬಿಡುತ್ತಾರೆ. ಚೆಕ್ ಇನ್ ಲಗೇಜನ್ನು ಟಿಕೆಟ್ ಜೊತೆಗೇ ಕೊಂಡರೆ ಅಗ್ಗ.

ಗಡಿಯಾರದ ಬಗ್ಗೆ ಎಚ್ಚರ. ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಅಡಿಲೇಡ್ ಮತ್ತು ಡಾರ್ವಿನ್ ನಾಲ್ಕು ಗಂಟೆ, ಪರ್ತ್ ಎರಡೂವರೆ. ಅಕ್ಟೋಬರ್‌ನ ಮೊದಲ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ದಕ್ಷಿಣದ ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತವೆ. ಕ್ವೀನ್ಸ್‌ಲ್ಯಾಂಡ್, ನಾರ್ದರ್ನ್ ಟೆರಿಟರಿ, ಪಶ್ಚಿಮ ಆಸ್ಟ್ರೇಲಿಯಾ ಇಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಗಡಿಯಲ್ಲಿರುವ ಗೋಲ್ಡ್ ಕೋಸ್ಟ್‌ನ ಕೂಲಂಗಟ್ಟದಲ್ಲಿ ರಸ್ತೆ ದಾಟಿ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ಟ್ವೀಡ್ ಹೆಡ್ಸ್‌ಗೆ ಕಾಲಿಟ್ಟರೆ ಒಂದು ಗಂಟೆ ಹೆಚ್ಚಾಗುತ್ತದೆ! ಗಡಿಯ ಇನ್ನೊಂದು ಬದಿಯಲ್ಲಿ ಕೋಣೆ ಹಿಡಿದವರು ವಿಮಾನದ ಸಮಯವನ್ನು ಎರಡು ಸಲ ನೋಡಿ.

ರೈಲಿನ ಹುಚ್ಚಿದ್ದವರಿಗೆ ಎರಡು ಹೆಸರು ಹೇಳಲೇಬೇಕು. ಸಿಡ್ನಿಯಿಂದ ಪರ್ತ್‌ಗೆ 4,352 ಕಿಲೋಮೀಟರ್ ಓಡುವ ಇಂಡಿಯನ್ ಪೆಸಿಫಿಕ್, ಅಡಿಲೇಡ್‌ನಿಂದ ಡಾರ್ವಿನ್‌ಗೆ 2,979 ಕಿಲೋಮೀಟರ್ ಓಡುವ ದಿ ಘಾನ್. ಮೊದಲನೆಯದು ನಲಾರ್ಬರ್ ಬಯಲಿನಲ್ಲಿ 478 ಕಿಲೋಮೀಟರ್ ಒಂದು ತಿರುವೂ ಇಲ್ಲದೆ ನೇರ ಹೋಗುತ್ತದೆ. ಎರಡನೆಯದಕ್ಕೆ ಆ ಹೆಸರು ಬಂದಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಮರುಭೂಮಿಗೆ ಸಾಮಾನು ಸಾಗಿಸಿದ ಒಂಟೆಯವರಿಂದ. ಅವರೆಲ್ಲರನ್ನೂ ‘ಅಫ್ಘಾನರು’ ಅಂತ ಕರೆದರೂ, ಬಹಳ ಜನ ಅಂದಿನ ಬ್ರಿಟಿಷ್ ಇಂಡಿಯಾದಿಂದ ಹೋದವರು. ಲಾರಿ ಬಂದ ಮೇಲೆ ಬಿಟ್ಟುಬಿಟ್ಟ ಆ ಒಂಟೆಗಳ ಸಂತತಿ ಇವತ್ತು ಕಾಡು ಒಂಟೆಗಳಾಗಿ ಅಲೆಯುತ್ತಿದೆ. ಈ ರೈಲುಗಳ ದರ ವಿಮಾನದ ಹಲವು ಪಟ್ಟು. ಊಟ, ಮಲಗುವ ಕೋಣೆ, ನಡುನಡುವೆ ಸುತ್ತಾಟ ಎಲ್ಲ ಅದರಲ್ಲೇ ಸೇರಿರುತ್ತದೆ. ಬರೀ ಊರು ತಲುಪುವುದಕ್ಕೆ ಹತ್ತುವ ರೈಲಲ್ಲ.

ಸಿಡ್ನಿಯೊಳಗೆ ಓಡಾಡಲು ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿದರೆ ಆಯಿತು. ಮೆಲ್ಬರ್ನ್ ನಡುಪೇಟೆಯಲ್ಲಿ ಟ್ರಾಮ್ ಉಚಿತ, ಗಡಿ ಎಲ್ಲಿಗೆ ಮುಗಿಯುತ್ತದೆ ಅಂತ ನಿಲ್ದಾಣದ ಫಲಕ ಹೇಳುತ್ತದೆ.

5. ಕಾರು ಓಡಿಸುವವರಿಗೆ

ಎಡಗಡೆ ಸಂಚಾರ, ಬಲಗಡೆ ಸ್ಟೀರಿಂಗ್. ನಮಗೆ ಇದು ದೊಡ್ಡ ಅನುಕೂಲ. ಲೈಸೆನ್ಸ್ ಇಂಗ್ಲಿಷ್‌ನಲ್ಲಿದ್ದರೆ ಪ್ರವಾಸಿಗರು ಸಾಮಾನ್ಯವಾಗಿ ಅದರಲ್ಲೇ ಓಡಿಸಬಹುದು. ಆದರೂ ಅಂತರರಾಷ್ಟ್ರೀಯ ಪರವಾನಗಿ ಜೊತೆಗಿದ್ದರೆ ಬಾಡಿಗೆ ಕೌಂಟರಿನಲ್ಲಿ ತಕರಾರು ಇರುವುದಿಲ್ಲ.

ಅಭ್ಯಾಸ ಬದಲಿಸಬೇಕಾದದ್ದು ಬೇರೆ ಕಡೆ. ಹಾರ್ನ್ ಒತ್ತಬೇಡಿ. ರೌಂಡ್ ಅಬೌಟ್‌ನಲ್ಲಿ ಈಗಾಗಲೇ ಒಳಗಿರುವ ಗಾಡಿಗೆ ದಾರಿ ಬಿಡಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ಕೈಯಲ್ಲಿ ಫೋನ್ ಹಿಡಿದರೆ ಅದನ್ನು ಹಿಡಿಯುವುದಕ್ಕೇ ಕ್ಯಾಮೆರಾಗಳಿವೆ, ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಮೆಲ್ಬರ್ನ್‌ನ ಕೆಲವು ಕೂಡುರಸ್ತೆಗಳಲ್ಲಿ ಬಲಕ್ಕೆ ತಿರುಗಲು ಎಡ ಅಂಚಿಗೆ ಹೋಗಿ ಕಾಯಬೇಕು. ಹುಕ್ ಟರ್ನ್ ಅನ್ನುತ್ತಾರೆ. ತಲೆನೋವು ಬೇಡ ಅಂದರೆ ಕಾರನ್ನು ನಗರ ಬಿಡುವ ದಿನವೇ ಬಾಡಿಗೆಗೆ ತೆಗೆದುಕೊಳ್ಳಿ.

ಊರು ದಾಟಿದ ಮೇಲೆ ಕತ್ತಲಲ್ಲಿ ಓಡಿಸಬೇಡಿ. ಕಾಂಗರೂಗಳು ಮೇಯಲು ಹೊರಬರುವುದು ಮುಸ್ಸಂಜೆ ಮತ್ತು ಮುಂಜಾವದಲ್ಲಿ, ಬೆಳಕು ಕಂಡರೆ ಅದರ ಕಡೆಗೇ ಜಿಗಿಯಬಹುದು. ರಾತ್ರಿ ಪ್ರಾಣಿ ಗುದ್ದಿದರೆ, ಕಚ್ಚಾ ರಸ್ತೆಯಲ್ಲಿ ಹಾನಿಯಾದರೆ ಅನೇಕ ಬಾಡಿಗೆ ಕರಾರುಗಳಲ್ಲಿ ವಿಮೆ ಸಿಗುವುದಿಲ್ಲ. ಸಹಿ ಹಾಕುವ ಮೊದಲು ಆ ಎರಡು ಸಾಲು ಹುಡುಕಿ ಓದಿ.

6. ಔಟ್‌ಬ್ಯಾಕ್‌ಗೆ ಇಳಿಯುವ ಮುನ್ನ

ಔಟ್‌ಬ್ಯಾಕ್ ಅಂದರೆ ಜನವಿರಳ ಒಳನಾಡು. ಅಲ್ಲಿನ ಹೆದ್ದಾರಿಗಳಲ್ಲಿ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಇನ್ನೂರು ಕಿಲೋಮೀಟರ್ ಇದ್ದರೂ ಆಶ್ಚರ್ಯವಿಲ್ಲ. ಟ್ಯಾಂಕ್ ಅರ್ಧಕ್ಕೆ ಬಂದಾಗ ಬಂಕ್ ಕಂಡರೆ ತುಂಬಿಸಿ. ದರ ಜಾಸ್ತಿ ಅಂತ ಮುಂದಿನದಕ್ಕೆ ಕಾಯಬೇಡಿ. ಕುಡಿಯುವ ನೀರು ದಿನಕ್ಕೆ ತಲೆಗೆ ನಾಲ್ಕೈದು ಲೀಟರ್‌ಗಿಂತ ಕಡಿಮೆ ಇರಬಾರದು, ಮೇಲೆ ಇನ್ನಷ್ಟು ಆಪತ್ತಿಗೆ ಅಂತ. ದೂರದ ಊರುಗಳಲ್ಲಿ ಟೆಲ್‌ಸ್ಟ್ರಾ ಜಾಲದ ಸಿಗ್ನಲ್ ಬೇರೆಯವುಗಳಿಗಿಂತ ಹೆಚ್ಚು ಕಡೆ ಸಿಗುತ್ತದೆ. ಆದರೂ ನಡುವೆ ಎಷ್ಟೋ ಹೊತ್ತು ಏನೂ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎಲ್ಲಿಗೆ ಹೊರಟಿದ್ದೀರಿ, ಯಾವಾಗ ತಲುಪುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ.

ಗಾಡಿ ಕೆಟ್ಟು ನಿಂತರೆ ಗಾಡಿ ಬಿಟ್ಟು ಹೋಗಬೇಡಿ. ಇದೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಹುಡುಕುವವರಿಗೆ ಕಾರು ಕಾಣುತ್ತದೆ, ಬಿಸಿಲಲ್ಲಿ ನಡೆದು ಹೋಗುವ ಮನುಷ್ಯ ಕಾಣುವುದಿಲ್ಲ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಆಳ ಅಳೆಯುವ ಸಾಹಸ ಬೇಡ, ಹಿಂದಿರುಗಿ.

ಎದುರಿಗೆ ರೋಡ್ ಟ್ರೇನ್ ಬರಬಹುದು. ಹಿಂದೆ ಹಿಂದೆ ಡಬ್ಬಿ ಸಿಕ್ಕಿಸಿದ ಲಾರಿ, 53.5 ಮೀಟರ್‌ವರೆಗೂ ಉದ್ದ. ಅದನ್ನು ಹಿಂದಿಕ್ಕಲು ಒಂದು ಕಿಲೋಮೀಟರಾದರೂ ಖಾಲಿ ರಸ್ತೆ ಕಾಣಬೇಕು, ಇಲ್ಲದಿದ್ದರೆ ಹಿಂದೆಯೇ ಹೋಗಿ.

ಆರ್ನೆಮ್ ಲ್ಯಾಂಡ್‌ನಂಥ ಮೂಲನಿವಾಸಿಗಳ ಜಮೀನಿಗೆ ಹೋಗಲು ಮೊದಲೇ ಪರ್ಮಿಟ್ ಬೇಕು. ಬೇಸಿಗೆಯಲ್ಲಿ ದಕ್ಷಿಣದ ಕಾಡುಗಳಲ್ಲಿ ತಿರುಗುವವರು ಆಯಾ ರಾಜ್ಯದ ಕಾಡ್ಗಿಚ್ಚಿನ ಆ್ಯಪ್ ಹಾಕಿಕೊಂಡಿರಿ. ಎಚ್ಚರಿಕೆಗೆ ನಾಲ್ಕು ಹಂತಗಳಿವೆ. ಕೊನೆಯದಾದ ಕೆಟಾಸ್ಟ್ರೋಫಿಕ್ ಬಂದ ದಿನ ಆ ಕಡೆ ಹೋಗುವುದೇ ಬೇಡ. ತುರ್ತು ಸಹಾಯಕ್ಕೆ 000. ಮೊಬೈಲ್‌ನಿಂದ 112 ಒತ್ತಿದರೂ ಆಗುತ್ತದೆ.

ಇನ್ನು ನೊಣ! ಮರುಭೂಮಿಯಲ್ಲಿ ಬಿಸಿಲು ಏರಿದ ಮೇಲೆ ಕಣ್ಣು ಮೂಗು ಬಿಡುವುದಿಲ್ಲ. ತಲೆಗೆ ಹಾಕುವ ಬಲೆ ಕೆಲವೇ ಡಾಲರ್‌ಗೆ ಸಿಗುತ್ತದೆ. ಹಾಕಿಕೊಂಡರೆ ವಿಚಿತ್ರವಾಗಿ ಕಾಣುತ್ತೀರಿ, ಆದರೆ ಪಕ್ಕದವರೂ ಹಾಗೇ ಕಾಣುತ್ತಿರುತ್ತಾರೆ.

7. ನೀರಿಗಿಳಿಯುವಾಗ

ಕಾವಲಿರುವ ಕಡಲತೀರದಲ್ಲಿ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಬಾವುಟದಾಚೆ ಶಾಂತವಾಗಿ ಕಾಣುವ ನೀರೇ ಎಷ್ಟೋ ಸಲ ಒಳಕ್ಕೆ ಎಳೆಯುವ ರಿಪ್ ಆಗಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಲು ಹೆಣಗಬೇಡಿ. ತೇಲುತ್ತಾ ಕೈ ಎತ್ತಿ ಕರೆಯಿರಿ.

ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್ ಕಾಲ. ಅದರ ಕುಟುಕು ಪ್ರಾಣ ತೆಗೆಯಬಲ್ಲದು. ಬಲೆ ಕಟ್ಟಿದ ಜಾಗದಲ್ಲಿ, ಮೈಮುಚ್ಚುವ ಸ್ಟಿಂಗರ್ ಸೂಟ್ ತೊಟ್ಟು ಇಳಿಯಿರಿ. ರೀಫ್ ದೋಣಿಗಳಲ್ಲಿ ಸೂಟ್ ಅವರೇ ಕೊಡುತ್ತಾರೆ. ಉತ್ತರದ ನದಿ, ಹಿನ್ನೀರು, ಕೆಲವು ಕಡಲತೀರಗಳಲ್ಲೂ ಉಪ್ಪುನೀರಿನ ಮೊಸಳೆ ಇರುತ್ತದೆ. ಹೆಸರಿಗೆ ಉಪ್ಪುನೀರು, ಸಿಹಿನೀರಿನಲ್ಲೂ ಸಮುದ್ರದಿಂದ ಎಷ್ಟೋ ದೂರ ಬರುತ್ತದೆ. ಫಲಕ ಇದ್ದರೆ ದಡದಲ್ಲಿ ನಿಂತು ಕೈತೊಳೆಯುವುದೂ ಬೇಡ.

ಬಿಸಿಲಿಗೆ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚಿ. ನಮ್ಮ ಮೈಬಣ್ಣಕ್ಕೆ ಬೇಡ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಮೋಡ ಕವಿದ ದಿನವೂ ಚರ್ಮ ಸುಡುತ್ತದೆ.

8. ಸೂಟ್‌ಕೇಸಿನಲ್ಲಿ ಏನಿರಬಾರದು

ತಿಂಡಿ ಕಟ್ಟಿಕೊಂಡು ಹೋಗುವ ನಮ್ಮವರಿಗೆ ಇದು ಮುಖ್ಯ. ಪೇಡ, ಬರ್ಫಿಯಂಥ ಹಾಲಿನ ಸಿಹಿಗಳು, ಹಣ್ಣು, ಹಸಿ ತರಕಾರಿ, ಬಿತ್ತುವ ಬೀಜ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಮಸಾಲೆ ಏನೇ ಇದ್ದರೂ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ‘ಹೌದು’ ಅಂತ ಗುರುತು ಹಾಕಿ. ಘೋಷಿಸಿದರೆ ಹೆಚ್ಚೆಂದರೆ ವಸ್ತು ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ, ವೀಸಾ ರದ್ದಾಗುವ ಸಾಧ್ಯತೆಯೂ ಇದೆ. ರಾಜ್ಯದಿಂದ ರಾಜ್ಯಕ್ಕೂ ಈ ತಪಾಸಣೆ ಇದೆ. ಟ್ಯಾಸ್ಮೇನಿಯಾಕ್ಕೆ ಅಥವಾ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗುವ ಮೊದಲು ಚೀಲದಲ್ಲಿರುವ ಸೇಬು ತಿಂದು ಮುಗಿಸಿ.

ಪ್ಲಗ್ ಅಲ್ಲಿ ಬೇರೆ ಆಕಾರ, ಅಡಾಪ್ಟರ್ ಬೇಕು. ವೋಲ್ಟೇಜ್ ನಮ್ಮದೇ.

9. ಹಣ

ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ನಗದು ಸ್ವಲ್ಪ ಇದ್ದರೆ ಸಾಕು. ಬೋರ್ಡಿನಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಆದರೆ ಭಾನುವಾರ, ಸರ್ಕಾರಿ ರಜೆಗಳಂದು ಹೋಟೆಲ್ ಬಿಲ್ಲಿಗೆ ಹೆಚ್ಚುವರಿ ಶುಲ್ಕ ಸೇರಿಸುವುದುಂಟು. ಊರೊಳಗೆ ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ. ಖರ್ಚು ಉಳಿಸುವ ದೊಡ್ಡ ದಾರಿ ಅಂದರೆ ಅಡುಗೆಮನೆ ಇರುವ ಕೋಣೆ. ಪಾರ್ಕುಗಳಲ್ಲಿ, ಕಡಲತೀರಗಳಲ್ಲಿ ಉಚಿತ ವಿದ್ಯುತ್ ಬಾರ್ಬೆಕ್ಯೂ ಒಲೆಗಳೂ ಇರುತ್ತವೆ. ಮಾಂಸ ತಿನ್ನದವರು ಅಲ್ಯೂಮಿನಿಯಂ ಹಾಳೆ ಹಾಸಿಕೊಂಡು ಬೇಯಿಸಿಕೊಳ್ಳಬಹುದು.

ಕೊನೆಯ ದಿನಕ್ಕೆ ಒಂದು ವಿಷಯ. ಒಂದೇ ವ್ಯಾಪಾರಿಯಿಂದ 300 ಆಸ್ಟ್ರೇಲಿಯನ್ ಡಾಲರ್ ಅಥವಾ ಹೆಚ್ಚಿನ ಖರೀದಿ ಮಾಡಿ, 60 ದಿನದೊಳಗೆ ದೇಶ ಬಿಡುತ್ತಿದ್ದರೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುತ್ತದೆ. ತೆರಿಗೆ ರಸೀದಿ ಇಟ್ಟುಕೊಂಡಿರಿ, ವಸ್ತುವನ್ನು ಕೈಚೀಲದಲ್ಲೇ ಒಯ್ಯಿರಿ. ಈ ತೆರಿಗೆ ಮರಳಿಸುವ ಟಿಆರ್‌ಎಸ್ ಕೌಂಟರ್ ಇಮಿಗ್ರೇಷನ್ ದಾಟಿದ ಮೇಲೆ ಇರುತ್ತದೆ. ಅಲ್ಲಿ ಸಾಲು ಉದ್ದವಿರುತ್ತದೆ, ವಿಮಾನ ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲೇ ಅಲ್ಲಿರಿ.